ಸಿನಿಮಾದವರಿಗೆ ದಂಡ ಹಾಕಿದ ನಮ್ಮ ಮಾವ

ಸಿನಿಮಾ ನೋಡಿ ಅತ್ತವರನ್ನ ಕಂಡಿದ್ದೀನಿ, ಬಿದ್ದು ಬಿದ್ದು ನಕ್ಕವರನ್ನ ಕಂಡಿದ್ದೀನಿ, ಪರದೆ ಮುಂದೆ ಕರ್ಪೂರ ಹಚ್ಚಿ ಇನ್ನೇನು ಟೆಂಟೇ ಹೊತ್ತಿ ಉರಿಯಬೇಕು ಅನ್ನೋ ಹಾಗೆ ಮಾಡಿದವರನ್ನೂ ಕಂಡಿದ್ದೀನಿ. ಆದರೆ ಸಿನಿಮಾದೊಳಗಿನ ಜನಕ್ಕೆ ಮನೆ ಜಗಲಿ ಮೇಲೆ ಕೂತು ನ್ಯಾಯ ಹೇಳಿ, ತಪ್ಪು ಮಾಡಿದವರಿಗೆ ತೆಂಗಿನಕಾಯಿ ದಂಡ ಹಾಕಿದವರು ಅಂತ ಈ ಭೂಮಿ ಮೇಲೆ ಇದ್ದರೆ ಅದು ನಮ್ಮ ಮಾವ ಒಬ್ಬರೇ! ಸುಳ್ಳು ಅನ್ನೋರು ಅನ್ನಲಿ. ನಾನು ಓದಿದ್ದು ಮೂರನೇ ಕ್ಲಾಸು, ಕತೆ ಕಟ್ಟೋಕೆ ನನಗೆ ಬರಲ್ಲ. ಜೀವಮಾನದಲ್ಲಿ ಒಂದೇ ಒಂದು ಕತೆ ಕಟ್ಟಿದ್ದೀನಿ, ಅದನ್ನೂ ಹೇಳ್ತೀನಿ, ಇರಿ.

ಇದೆಲ್ಲ ನೆನಪಾಗಿದ್ದು ನನ್ನ ಮೊಮ್ಮಗಳಿಂದ. ಅವಳು ಸಿನಿಮಾ ನೋಡಿ ಬಂದ ತಕ್ಷಣ ಮೊಬೈಲು ತೆಗೆದು ನಕ್ಷತ್ರ ಕೊಡ್ತಾಳೆ. ಒಂದಕ್ಕೆ ಮೂರು, ಇನ್ನೊಂದಕ್ಕೆ ಎರಡೂವರೆ. ಅರ್ಧ ನಕ್ಷತ್ರ ಅಂದರೆ ಏನೇ, ಅದನ್ನ ಕತ್ತರಿಸಿ ಕೊಡೋರು ಯಾರು ಅಂತ ಕೇಳಿದೆ. ಅದು ನಮ್ಮ ಅಭಿಪ್ರಾಯ ಅಜ್ಜಿ ಅಂದಳು. ಅಭಿಪ್ರಾಯವಂತೆ! ನಿಮ್ಮ ಮುತ್ತಾತನ ಅಭಿಪ್ರಾಯ ಕೇಳಿದ್ದರೆ ನಿಮ್ಮ ಹೀರೋ ಇವತ್ತಿಗೂ ದೇವಸ್ಥಾನಕ್ಕೆ ದೀಪದೆಣ್ಣೆ ಹೊರ್ತಾ ಇರ್ತಿದ್ದ ಅಂದೆ.

ಆಗ ಕತ್ರಿಗುಪ್ಪೆ ಇನ್ನೂ ಊರಾಗಿತ್ತು. ಊರು ಅಂದರೆ ಅರ್ಧ ಊರು. ಹೊಲಗಳೆಲ್ಲ ಬನಶಂಕರಿ ಬಡಾವಣೆಗೆ ಹೋಗಿ, ಕಲ್ಲು ನೆಟ್ಟು, ದಾರ ಹಿಡಿದು ಸೈಟು ಮಾಡ್ತಿದ್ದರು. ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ಆ ಊರಿನ ಪಂಚಾಯ್ತಿ ಯಜಮಾನರು. ಅವರು ಅರಳಿಕಟ್ಟೆ ಮೇಲೆ ಕೂತು ಒಂದು ಸಲ ಕೆಮ್ಮಿದರೆ ಊರಿನ ಗಂಡ ಹೆಂಡಿರ ಜಗಳ ಅರ್ಧ ನಿಂತುಹೋಗ್ತಿತ್ತು ಅಂತ ನಮ್ಮತ್ತೆ ಬದುಕಿದ್ದಾಗ ಹೇಳೋರು. ಅವರಿಬ್ಬರ ಜಗಳ ಮಾತ್ರ ಯಾಕೆ ನಿಲ್ಲುತ್ತಿರಲಿಲ್ಲ ಅಂತ ನಾನು ಕೇಳಲಿಲ್ಲ.

ಹೊಲ ಹೋದ ಮೇಲೆ ನ್ಯಾಯ ಎಲ್ಲಿಂದ ಬರಬೇಕು? ಬದು ಒತ್ತಿದ ಅಂತ ದೂರೋಕೆ ಬದು ಇಲ್ಲ. ಹಸು ನುಗ್ಗಿ ರಾಗಿ ಮೇಯ್ತು ಅನ್ನೋಕೆ ರಾಗಿ ಇಲ್ಲ. ಹೊಸದಾಗಿ ಮನೆ ಕಟ್ಟಿಕೊಂಡು ಬಂದವರು ಜಗಳ ಆದರೆ ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಹೋಗೋರು. ಅರಳಿಕಟ್ಟೆ ಮೇಲೆ ಇಸ್ತ್ರಿ ಮಾಡೋನು ಬಂದು ಕೂತ. ಮಾವ ಪಾಪ ದಿನಾ ಬೆಳಗ್ಗೆ ವಲ್ಲಿ ಬಟ್ಟೆ ಹೆಗಲಿಗೆ ಹಾಕ್ಕೊಂಡು, ಯಾರಾದರೂ ಹೊಡೆದಾಡಿಕೊಂಡು ಬರ್ತಾರಾ ಅಂತ ಜಗಲಿ ಮೇಲಿಂದ ರಸ್ತೆ ನೋಡೋರು. ಯಾರೂ ಬರ್ತಿರಲಿಲ್ಲ. ಊರೆಲ್ಲ ಒಳ್ಳೆಯವರಾಗಿಬಿಟ್ಟರೆ ಯಜಮಾನರಾದವರು ಏನು ಮಾಡಬೇಕು ಹೇಳಿ.

ಅವರು ಕೊಟ್ಟ ಕೊನೇ ತೀರ್ಪು ಅಂದರೆ ಅವರ ಮಗಳದ್ದೇ. ನನ್ನ ನಾದಿನಿ, ಮನೆಗೆ ಒಬ್ಬಳೇ ಹೆಣ್ಣುಮಗಳು. ನಮ್ಮೂರ ಟೆಂಟಿನಲ್ಲಿ ಸಿನಿಮಾ ಮಿಷನ್ನು ತಿರುಗಿಸೋ ಆಪರೇಟರನ್ನ ಮದುವೆ ಆದಳು. ಹುಡುಗ ಒಳ್ಳೆಯವನು, ಜಾತಿ ಬೇರೆ. ಅಷ್ಟೇ ಕತೆ, ಉಳಿದದ್ದೆಲ್ಲ ಗಲಾಟೆ. ಮಾವ ಊರವರನ್ನೆಲ್ಲ ಸೇರಿಸಿ, ಜಗಲಿ ಮೇಲೆ ಕೂತು, ಇವಳು ಇನ್ನು ಈ ಮನೆ ಹೊಸಿಲು ತುಳಿಯೋ ಹಾಗಿಲ್ಲ ಅಂತ ತೀರ್ಪು ಹೇಳಿಬಿಟ್ಟರು. ಅವಳು ಅತ್ತು, ಅಪ್ಪನ ಕಾಲಿಗೆ ಬಿದ್ದು, ಗಂಡನ ಜೊತೆ ಹೋದಳು. ಆಮೇಲೆ ಎರಡು ವರ್ಷ ನಮ್ಮನೆಯಲ್ಲಿ ಅವಳ ಹೆಸರು ಎತ್ತಿದವರಿಲ್ಲ. ಟೆಂಟು ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಮಾವ ತಟ್ಟೆ ಬಿಟ್ಟು ಏಳೋರು.

ಇಂಥಾ ಮನುಷ್ಯ, ಅವಳು ಹೋದ ತಿಂಗಳಿಗೇ ಒಂದು ಶನಿವಾರ ಸಂಜೆ ಇಸ್ತ್ರಿ ಪಂಚೆ ಉಟ್ಟುಕೊಂಡು, ನಾನು ಸಿನಿಮಾಗೆ ಹೋಗಿ ಬರ್ತೀನಿ ಕಣಮ್ಮ ಅಂದರೆ ನನಗೆ ಹೇಗಾಗಿರಬೇಡ? ಎಲ್ಲಿಗೆ ಮಾವ ಅಂದೆ. ಜಯನಗರದ ಥಿಯೇಟರಿಗೆ, ಅಲ್ಲಿ ಕುರ್ಚಿ ಇದೆ ಅಂದರು. ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡ ಮುದುಕ, ಎಲ್ಲಾದರೂ ಕೂತು ಎರಡು ಹಾಡು ಕೇಳಿ ಬರಲಿ ಅಂತ ನಾನೂ ಸುಮ್ಮನಾದೆ. ಮೊದಲನೇ ಆಟ ಮುಗಿಸಿ ಬಂದು, ಮುದ್ದೆ ಉಂಡು ಮಲಗಿದರು.

ಭಾನುವಾರ ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕ್ತಾ ಇದ್ದೆ. ಪಕ್ಕದ ಮನೆ ಮೇಷ್ಟ್ರ ಹೆಂಡತಿ ಹಾಲಿಗೆ ಬಂದಿದ್ದಳು. ನಮ್ಮನೆಯಲ್ಲಿ ಆಗ ಒಂದು ಹಸು ಉಳಿದಿತ್ತು. ಮಾವ ಜಗಲಿ ಮೇಲಿಂದ ಶುರು ಮಾಡಿದರು. ಒಬ್ಬ ಅಣ್ಣ, ಜೋಡಿ ಎತ್ತು ಮಾರಿ ತಮ್ಮನನ್ನ ಓದಿಸಿದ. ತಮ್ಮ ದೊಡ್ಡ ಆಫೀಸರಾಗಿ, ಮನೆಗೆ ಬಂದ ಅಣ್ಣನ್ನ ಆಳು ಅಂತ ಹೇಳಿಬಿಟ್ಟ. ಇದಕ್ಕೆ ಏನಂತೀರಿ ಅಂತ ಕೇಳಿದರು. ಮೇಷ್ಟ್ರ ಹೆಂಡತಿ ಚೊಂಬು ಕೆಳಗಿಟ್ಟು, ಅಯ್ಯೋ ಪಾಪಿ, ಯಾರ ಮನೆದು ಯಜಮಾನ್ರೇ ಇದು ಅಂದಳು. ಸಿನಿಮಾದ್ದು ಅಂದರು. ಸಿನಿಮಾದ್ದಾದರೇನು, ತಮ್ಮ ತಮ್ಮ ಅಲ್ಲವಾ? ಆ ತಮ್ಮನಿಗೆ ಅವತ್ತು ಐದು ತೆಂಗಿನಕಾಯಿ ದಂಡ ಬಿತ್ತು. ಮೇಲೆ ಒಂದು ತಿಂಗಳು ಮಾರಮ್ಮನ ಗುಡಿಗೆ ದೀಪದೆಣ್ಣೆ.

ಮುಂದಿನ ಭಾನುವಾರಕ್ಕೆ ಆರು ಜನ ಹೆಂಗಸರು ಬಂದರು. ಅದರ ಮುಂದಿನ ವಾರ ನಾನು ಚಾಪೆ ಹಾಸಬೇಕಾಯ್ತು. ಹಾಲು ಬೇಡದವರೂ ಹಾಲಿಗೆ ಬರೋಕೆ ಶುರುವಾದರು.

ಅವರ ನ್ಯಾಯಕ್ಕೆ ಒಂದು ಕಟ್ಟುಪಾಡಿತ್ತು. ಎರಡೂ ಕಡೆ ಮಾತು ಕೇಳಬೇಕು. ಹೀರೋ ಕಡೆ ಮಾತಾಡೋಕೆ ಜನಕ್ಕೇನು ಬರವಾ? ವಿಲನ್ ಕಡೆ ಯಾರು ಮಾತಾಡಬೇಕು? ಮಾವ ನನ್ನ ಕಡೆ ಕೈ ತೋರಿಸಿ, ನೀನು ಮಾತಾಡಮ್ಮ, ನಿನ್ನ ಬಾಯಿ ಅದಕ್ಕೆ ಸರಿಯಾಗಿದೆ ಅಂದರು. ಇದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಎರಡು ವರ್ಷ ನಾನು ಕುಡುಕರ ಕಡೆ, ಕೊಲೆಗಾರರ ಕಡೆ, ಮಲತಾಯಿಯರ ಕಡೆ ವಾದ ಮಾಡಿದ್ದೀನಿ. ಒಬ್ಬ ಜಮೀನ್ದಾರನ್ನ ಪೂರ್ತಿ ಬಿಡಿಸಿಯೇಬಿಟ್ಟೆ. ಅವನು ಹುಲ್ಲಿನ ಬಣವೆಗೆ ಬೆಂಕಿ ಇಟ್ಟ ದಿನ ಮಳೆ ಹಿಡಿದಿತ್ತು ಅಂತ ಮಾವನೇ ಹೇಳಿದ್ದರು. ಮಳೆಯಲ್ಲಿ ಬಣವೆ ಹೇಗೆ ಹತ್ತಿಕೊಳ್ಳುತ್ತೆ ಮಾವ, ಒಲೆ ಹಚ್ಚೋಳು ನಾನು, ನನಗೆ ಗೊತ್ತಿಲ್ವಾ ಅಂದೆ. ಮಾವ ತುಂಬಾ ಹೊತ್ತು ಯೋಚನೆ ಮಾಡಿ, ಸಾಕ್ಷಿ ಸಾಲದು, ಬಿಟ್ಟುಬಿಡಿ ಅಂದರು. ಹೆಂಗಸರು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ನನಗೂ ಸಿನಿಮಾಗೂ ಅಷ್ಟಕ್ಕಷ್ಟೇ. ತಾಯಿ ಪಾತ್ರದವಳು ಸಾಯೋಕೆ ಇಪ್ಪತ್ತು ನಿಮಿಷ ತಗೊಂಡಳು, ಮೂರು ಮಕ್ಕಳಿಗೂ ಬೇರೆ ಬೇರೆ ಬುದ್ಧಿ ಹೇಳಿದಳು ಅಂತ ಮಾವ ಕಣ್ಣು ಒರೆಸಿಕೊಂಡು ಹೇಳಿದರೆ, ಅಷ್ಟು ಮಾತಾಡೋ ಶಕ್ತಿ ಇದ್ದೋಳಿಗೆ ಒಂದು ಲೋಟ ಗಂಜಿ ಕೊಟ್ಟಿದ್ದರೆ ಎದ್ದು ಕೂರ್ತಿದ್ದಳು ಅಂತ ನಾನು ಅಂದಿದ್ದೆ. ಅದಕ್ಕೂ ಮಾವ ತಲೆ ಆಡಿಸಿ, ಗಂಜಿ ಕೊಡದ ದೊಡ್ಡ ಸೊಸೆಗೆ ಎರಡು ಕಾಯಿ ಬರೆದುಕೊಂಡರು. ಸುಮ್ಮನೆ ನಿಂತಿದ್ದ ಸೊಸೆಗೆ ನನ್ನ ಬಾಯಿಂದ ದಂಡ ಬಿತ್ತು!

ದಂಡಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿತ್ತು. ನಮ್ಮ ಕಡೆ ನ್ಯಾಯದಲ್ಲಿ ತಪ್ಪಿತಸ್ಥ ಅಂತ ಆದವನು ಹೆಗಲ ಮೇಲಿನ ವಲ್ಲಿ ತೆಗೆದು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲಬೇಕು. ಹೋಗಿ ತಪ್ಪಾಯ್ತು ಅನ್ನಬೇಕು. ಯಾರಿಗೆ ಅನ್ಯಾಯ ಆಗಿತ್ತೋ ಅವರೇ ತಮ್ಮ ಕೈಯಾರೆ ಆ ವಲ್ಲಿ ಬಿಚ್ಚಿ ಮತ್ತೆ ಹೆಗಲಿಗೆ ಹಾಕಬೇಕು. ಅಲ್ಲಿವರೆಗೂ ಊರಲ್ಲಿ ಹಾಗೇ ತಿರುಗಬೇಕು. ಸಿನಿಮಾ ಹೀರೋಗಳಿಗೆ ಇದು ಹೊಂದುತ್ತಿರಲಿಲ್ಲ. ಪ್ಯಾಂಟು ಹಾಕಿದವನಿಗೆ ವಲ್ಲಿ ಎಲ್ಲಿಂದ ತರೋದು ಅಂತ ಮಾವ ಬಹಳ ಒದ್ದಾಡಿ, ಕೊನೆಗೆ ಕರ್ಚೀಫು ನಡೆಯುತ್ತೆ ಅಂತ ಕಾನೂನು ಮಾಡಿದರು.

ಹೀಗೆ ನಡೆದುಕೊಂಡು ಹೋಗ್ತಿದ್ದ ನ್ಯಾಯದಲ್ಲಿ ಒಂದು ಸಲ ದೊಡ್ಡ ಎಡವಟ್ಟಾಯ್ತು. ಒಬ್ಬ ಗಂಡಸು ಹಳ್ಳಿಯಲ್ಲಿ ಒಬ್ಬಳನ್ನ ಮದುವೆ ಆಗ್ತಾನಂತೆ, ಪೇಟೆಯಲ್ಲಿ ಇನ್ನೊಬ್ಬಳ ಜೊತೆ ಹಾಡು ಹೇಳ್ತಾನಂತೆ. ಮಾವನಿಗೆ ಕೆಂಡದಂಥ ಕೋಪ. ಇಪ್ಪತ್ತೊಂದು ತೆಂಗಿನಕಾಯಿ, ಒಂದು ವರ್ಷ ದೀಪದೆಣ್ಣೆ! ಆ ಸಿನಿಮಾ ನೋಡಿದ್ದ ಮೇಷ್ಟ್ರ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡಳು.

"ಯಜಮಾನ್ರೇ, ಅವನು ಒಬ್ಬನಲ್ಲ. ಅವಳಿ ಜವಳಿ. ಒಬ್ಬನಿಗೆ ಮೀಸೆ ಇದೆ, ಇನ್ನೊಬ್ಬನಿಗೆ ಇಲ್ಲ, ನೋಡ್ಲಿಲ್ವಾ?"

ಮಾವ ಗಾಬರಿಯಾದರು. ಆಮೇಲೆ ಸಾವರಿಸಿಕೊಂಡು, "ಇಬ್ಬರಿಗೂ ಒಂದೇ ಗಂಟಲಾ?" ಅಂತ ಕೇಳಿದರು. ಹೆಂಗಸರು ಚಾಪೆ ಮೇಲೆ ಉರುಳಾಡಿಬಿಟ್ಟರು. ಮಾವ ಸೋಲಲಿಲ್ಲ. ಒಂದೇ ಗಂಟಲು ಇಟ್ಟುಕೊಂಡು ಊರಿಗೆ ಮೋಸ ಮಾಡಿದ್ದಕ್ಕೆ ಇಬ್ಬರಿಗೂ ಹತ್ತು ಹತ್ತು ಕಾಯಿ ಅಂದರು. ಉಳಿದ ಒಂದು ಕಾಯಿ ನಕ್ಕಿದ್ದಕ್ಕೆ ನನಗೆ.

ಇನ್ನೊಂದು ಸಲ ಇದಕ್ಕೆ ಉಲ್ಟಾ. ಹೀರೋ ಗಡ್ಡ ಅಂಟಿಸಿಕೊಂಡು, ಸನ್ಯಾಸಿ ವೇಷದಲ್ಲಿ ಕಳ್ಳರ ಮನೆಗೆ ಹೋದನಂತೆ. ಸಿನಿಮಾ ನೋಡಿದವರಿಗೆಲ್ಲ ಕೊನೆಯಲ್ಲಿ ಗಡ್ಡ ಕಿತ್ತ ಮೇಲೇ ಅವನು ಯಾರು ಅಂತ ಗೊತ್ತಾಗಿದ್ದು. ಮಾವ ಮಾತ್ರ, ಅವನು ಬಾಯಿಬಿಟ್ಟ ತಕ್ಷಣ ನನಗೆ ಗೊತ್ತಾಯ್ತು, ಅದರಲ್ಲೇನಿದೆ ಅಂದುಬಿಟ್ಟರು. ಎಂಥಾ ಸೂಕ್ಷ್ಮ ನೋಡಿ ಅಂತ ಎಲ್ಲರೂ ಬಾಯಿ ಮೇಲೆ ಬೆರಳಿಟ್ಟುಕೊಂಡರು. ನಾನೂ ಇಟ್ಟುಕೊಂಡೆ. ದಡ್ಡಿ!

ಯಾಕೆ ದಡ್ಡಿ ಅಂದೆ ಅಂದರೆ, ಕಣ್ಣೆದುರಿಗೇ ಇದ್ದದ್ದು ನನಗೆ ಕಾಣಲಿಲ್ಲ. ಹೀರೋಯಿನ್ ಹೇಗಿದ್ದಾಳೆ ಮಾವ, ಯಾವ ಬಣ್ಣದ ಸೀರೆ ಅಂತ ಕೇಳಿದರೆ, ಅವಳಿಗೆ ಸ್ವಲ್ಪ ಶೀತ ಆಗಿತ್ತು ಅನ್ನೋರು. ಸೀರೆ ಕೇಳಿದರೆ ಶೀತ ಹೇಳೋ ಗಂಡಸನ್ನ ನೀವೆಲ್ಲಾದರೂ ನೋಡಿದ್ದೀರಾ? ಅದೂ ಹೋಗಲಿ. ಜಯನಗರದ ಕುರ್ಚಿ ಥಿಯೇಟರಿಗೆ ಹೋಗಿ ಬಂದ ಪಂಚೆಯ ಹಿಂಭಾಗಕ್ಕೆ ವಾರ ವಾರ ಕೆಮ್ಮಣ್ಣು ಹತ್ತಿರ್ತಿತ್ತು. ಸೋಪು ಹಾಕಿ ಉಜ್ಜಿದವಳು ನಾನು. ಯಾವ ಕುರ್ಚಿ ಮೇಲೆ ಕೆಮ್ಮಣ್ಣು ಇರುತ್ತೆ ಅಂತ ಒಂದು ದಿನವೂ ಯೋಚನೆ ಮಾಡಲಿಲ್ಲ. ಥಿಯೇಟರಿನವರು ಗುಡಿಸಲ್ಲ ಅಂತ ಅವರನ್ನ ಬೈದುಕೊಂಡು ಒಗೆದೆ.

ಆ ವರ್ಷ ದಸರಾ ಮುಗಿದ ಮೇಲೆ ಜಯನಗರಕ್ಕೆ ಬಳೆ ತರೋಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅತ್ತಿಗೆ ಅಂತ ಯಾರೋ ಕೂಗಿದರು. ತಿರುಗಿ ನೋಡಿದರೆ ನನ್ನ ನಾದಿನಿ, ಹೊಟ್ಟೆ ಮುಂದೆ ಬಂದಿದೆ. ಆರು ತಿಂಗಳು ಅಂದಳು. ಬಿಳೇಕಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದರಂತೆ, ಗಂಡನಿಗೆ ಆ ಕಡೆ ಟೆಂಟಿನಲ್ಲಿ ಕೆಲಸ. ಅತ್ತೆ ಇಲ್ಲ, ಆಚೆ ಈಚೆ ನೋಡೋರಿಲ್ಲ. ಬಾಣಂತನ ಯಾರೇ ಮಾಡ್ತಾರೆ ಅಂದೆ. ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಮೊದಲನೇ ಹೆರಿಗೆ ಅಂದರೆ ತವರಿನದು. ಅದೂ ಏಳನೇ ತಿಂಗಳಲ್ಲೇ ಕರೆದುಕೊಂಡು ಬರಬೇಕು, ಎಂಟಕ್ಕೆ ಬಿದ್ದರೆ ಬಸುರಿಯನ್ನ ಊರ ಗಡಿ ದಾಟಿಸಲ್ಲ ನಮ್ಮಲ್ಲಿ. ನಾನು ಮನಸ್ಸಿನಲ್ಲೇ ವಾರ ಎಣಿಸಿದೆ.

ಅವಳು ಎಲ್ಲರನ್ನೂ ಕೇಳಿದಳು. ಅಣ್ಣನನ್ನ, ನನ್ನ ಮಕ್ಕಳನ್ನ, ಮೇಷ್ಟ್ರ ಹೆಂಡತಿಯನ್ನ. ಹಸು ಕರು ಹಾಕ್ತಾ ಅಂತನೂ ಕೇಳಿದಳು. ಅಪ್ಪ ಹೇಗಿದ್ದಾರೆ ಅಂತ ಮಾತ್ರ ಕೇಳಲಿಲ್ಲ. ಹಸುವಿಗಿಂತ ಕಡೆಯಾದರಾ ನಿಮ್ಮಪ್ಪ ಅಂತ ನಾಲಿಗೆ ತುದಿಗೆ ಬಂದಿತ್ತು. ಬಸುರಿ ಅಂತ ನುಂಗಿಕೊಂಡೆ. ಬಸ್ಸಿನಲ್ಲಿ ಬರ್ತಾ ಅವಳ ಮೇಲೂ ಕೋಪ, ಮಾವನ ಮೇಲೂ ಕೋಪ. ತಂದ ಬಳೆಯಲ್ಲಿ ನಾಲ್ಕು ಒಡೆದುಹೋಗಿದ್ದವು.

ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅಪ್ಪನ ಹತ್ರ ನಾನು ಮಾತಾಡಲಾರೆ, ತೀರ್ಪಾಗಿದೆ ಅಂದರು. ತೀರ್ಪಂತೆ. ಎಂಥೆಂಥಾ ಕೊಲೆಗಾರರನ್ನೆಲ್ಲ ಬಿಡಿಸಿದವಳು ನಾನು, ನನ್ನ ನಾದಿನಿಯನ್ನ ಬಿಡಿಸಲಾರೆನಾ? ಎರಡು ವಾರ ಯೋಚನೆ ಮಾಡಿದೆ. ನೆಟ್ಟಗೆ ಹೇಳಿದರೆ ಮಾವ ತಟ್ಟೆ ಬಿಟ್ಟು ಏಳ್ತಾರೆ. ಮಾವ ಕೂತು ಕೇಳೋದು ಯಾವುದನ್ನ? ಸಿನಿಮಾವನ್ನ.

ಮುಂದಿನ ಭಾನುವಾರ ಮಾವ ಬಾಯಿ ತೆಗೆಯೋ ಮುಂಚೆ, ಈ ವಾರ ನಾನೊಂದು ಸಿನಿಮಾ ನೋಡಿದ್ದೀನಿ, ಅದರ ನ್ಯಾಯ ಆಗಬೇಕು ಅಂದೆ. ಹೆಂಗಸರೆಲ್ಲ ನನ್ನ ಮುಖ ನೋಡಿದರು. ಮಾವ ಎಲೆಗೆ ಸುಣ್ಣ ಹಚ್ಚುತ್ತಾ, ಹೇಳು ಅಂದರು.

ಒಂದು ಊರಿನಲ್ಲಿ ಒಬ್ಬ ಯಜಮಾನ ಅಂತ ಶುರು ಮಾಡಿದೆ. ನಾನು ಎಷ್ಟು ಬುದ್ಧಿವಂತೆ ನೋಡಿ, ಊರಿನ ಹೆಸರು ಹೇಳಲಿಲ್ಲ. ಅವನಿಗೆ ಒಬ್ಬಳೇ ಮಗಳು, ಅವಳು ಬೇರೆ ಜಾತಿಯವನನ್ನ ಮದುವೆ ಆದಳು. ಹುಡುಗನಿಗೆ ಏನು ಕೆಲಸ ಅಂತ ಮಾವ ಕೇಳಿದರು. ಟೆಂಟು ಅನ್ನೋ ಹಾಗಿಲ್ಲ. ರೈಲು ಓಡಿಸ್ತಾನೆ ಅಂದುಬಿಟ್ಟೆ. ಅಪ್ಪ ಹೊಸಿಲು ತುಳಿಯಬೇಡ ಅಂದ, ಈಗ ಮಗಳಿಗೆ ಆರು ತಿಂಗಳು, ನೋಡೋರಿಲ್ಲ ಅಂದೆ. ನಮ್ಮನೆಯವರು ಕಟ್ಟಿದ್ದ ಹಸುವನ್ನ ಮತ್ತೆ ಕಟ್ಟೋಕೆ ಹಿತ್ತಲಿಗೆ ಹೋದರು.

ಮಾವ ಎಲೆ ಮಡಚಿ ಬಾಯಿಗೆ ಹಾಕ್ಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡು, "ಆರಲ್ಲ, ಏಳು ನಡೀತಿರಬೇಕು" ಅಂದರು.

ನಾನು ತಬ್ಬಿಬ್ಬಾದೆ. ನಾನು ಕಟ್ಟಿದ ಸಿನಿಮಾದ ಲೆಕ್ಕ ಇವರಿಗೆ ಹೇಗೆ ಗೊತ್ತು? ಇರಬಹುದು ಮಾವ ಅಂದೆ.

"ಕೊನೇಲಿ ಏನಾಯ್ತು?"

"ಗೊತ್ತಿಲ್ಲ. ಇಂಟರ್ವಲ್ಲಿಗೇ ಎದ್ದು ಬಂದೆ. ತೊಳೆಯೋಕೆ ಪಾತ್ರೆ ಬಿದ್ದಿತ್ತು."

ಮೇಷ್ಟ್ರ ಹೆಂಡತಿ ಕಣ್ಣು ಒರೆಸಿಕೊಂಡು ಮಗಳ ಕಡೆ ಮಾತಾಡಿದಳು. ಅಪ್ಪನ ಕಡೆ ಮಾತಾಡೋರು ಯಾರು ಅಂತ ಮಾವ ನನ್ನ ಮುಖ ನೋಡಿದರು. ವಿಲನ್ ಕಡೆ ಮಾತಾಡೋಳು ನಾನೇ ಅಲ್ಲವಾ! ಅವನ ಕಡೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ ಮಾವ ಅಂದೆ. ಅವರಿಗೆ ಹೊಡೆದ ಹಾಗಾಗಿರಬೇಕು. ಕೈಯಲ್ಲಿದ್ದ ಎಲೆ ಜಗಲಿ ಮೇಲೆ ಇಟ್ಟರು.

"ಜಾತಿ ಗೀತಿ ಆಮೇಲೆ. ಅವನು ಮಾಡಿದ ಮೊದಲನೇ ತಪ್ಪು ಹೇಳ್ತೀನಿ ಕೇಳು" ಅಂದರು. "ತನ್ನ ಮನೆ ನ್ಯಾಯ ಬಂದ್ರೆ ಯಜಮಾನ ಆದೋನು ಕೆಳಗಿಳಿದು ಎಲ್ಲರ ಜೊತೆ ನಿಂತ್ಕೋಬೇಕು. ಅವನು ಇಳೀಲಿಲ್ಲ. ಮೇಲೆ ಕೂತೇ ಹೇಳ್ದ. ಅದು ತೀರ್ಪೇ ಅಲ್ಲ."

ಹೇಳಿದವರು ಜಗಲಿ ಇಳಿದರು. ಅಂಗಳದಲ್ಲಿ ನಿಂತರು. ಮೇಲೆ ಹತ್ತಿ ಕೂತ್ಕೋ, ನೀನು ಹೇಳು ಅಂತ ನನಗೆ ಅಂದರು. ಸೊಸೆ ಜಗಲಿ ಮೇಲೆ, ಮಾವ ಅಂಗಳದಲ್ಲಿ! ನಮ್ಮತ್ತೆ ಇದ್ದಿದ್ದರೆ ಅಲ್ಲೇ ಪ್ರಾಣ ಬಿಡ್ತಿದ್ದರು, ಇಪ್ಪತ್ತು ನಿಮಿಷ ಕೂಡ ತಗೊಳ್ಳುತ್ತಿರಲಿಲ್ಲ. ಕೈಯಲ್ಲಿದ್ದ ಪೊರಕೆ ಕೆಳಗಿಟ್ಟು ಹತ್ತಿ ಕೂತೆ. ಹೋಗಿ ಕರ್ಕೊಂಡ್ ಬರಲಿ ಅಂದೆ. ದಂಡ ಎಷ್ಟು ಅಂದರು. ಒಂದು ಕಾಯಿ ಸಾಕು, ಹೊತ್ತುಕೊಂಡು ಹೋಗೋಳು ನಾನೇ ತಾನೇ ಅಂದೆ. ಮಾವ ಹೆಗಲ ಮೇಲಿನ ವಲ್ಲಿ ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. ಯಾರೂ ನಗಲಿಲ್ಲ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿರಾ? ನ್ಯಾಯ ಇನ್ನೂ ಇದೆ, ಆ ಮನೆಗೆ ಸೊಸೆ ಇದ್ದಳಾ ಅಂತ ಕೇಳಿದರು. ಇದ್ದಳು ಅಂದೆ. ಅಷ್ಟು ಬಾಯಿ ಇರೋಳು ಎರಡು ವರ್ಷ ಯಾಕೆ ಸುಮ್ಮನಿದ್ದಳು ಅಂದರು. ಅವಳಿಗೂ ದಂಡ, ಮೂರು ತಿಂಗಳು ಬಾಣಂತನ, ಬಾಣಂತಿ ಖಾರ ಎಲ್ಲ ಅವಳೇ ಅರೀಬೇಕು ಅಂದರು. ಹೆಂಗಸರು ಆವಾಗ ನಕ್ಕರು.

ಇವತ್ತೇ ಹೊರಡೋಣ ಅಂದರೆ ಮಾವ ಒಪ್ಪಲಿಲ್ಲ. ಶನಿವಾರವೇ ಹೋಗಬೇಕಂತೆ. ಅವರ ಮನೆಗೂ ಬೇಡವಂತೆ, ಕರೆಯದೆ ಅವರ ಹೊಸಿಲು ದಾಟೋ ಯೋಗ್ಯತೆ ನನಗಿಲ್ಲ, ಟೆಂಟಿಗೇ ಹೋಗೋಣ ಅಂದರು. ಆರು ದಿನ ವಲ್ಲಿ ಸೊಂಟಕ್ಕೆ ಕಟ್ಟಿಕೊಂಡೇ ಓಡಾಡಿದರು. ಇಸ್ತ್ರಿ ಮಾಡೋನು, ಸೊಂಟ ನೋವಾ ಯಜಮಾನ್ರೇ, ಬಿಸಿ ಬೇಕಾದ್ರೆ ಪೆಟ್ಟಿಗೆ ಇಡ್ಲಾ ಅಂತ ಕೇಳಿದನಂತೆ.

ಶನಿವಾರ ಸಂಜೆ ಎರಡು ಬಸ್ಸು ಹತ್ತಿ ಹೋದೆವು. ನನ್ನ ಮಡಿಲಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಬಳೆ. ಇಳಿದ ಮೇಲೆ ಟೆಂಟು ಎಲ್ಲಿ ಅಂತ ಯಾರನ್ನಾದರೂ ಕೇಳೋಣ ಅಂದೆ. ಮಾವ ಕೇಳಿಸಿಕೊಳ್ಳದೆ ಮುಂದೆ ಮುಂದೆ ಹೋದರು. ಹೂವಿನ ತೋಟದ ಬೇಲಿ ದಾಟಿ, ಚರಂಡಿ ಹಾರಿ, ಕತ್ತಲಲ್ಲಿ ಒಂದು ಕಡೆಯೂ ಎಡವದೆ ನಡೆದರು. ಟೆಂಟಿನ ಬಾಗಿಲಲ್ಲಿ ಕಡಲೆಕಾಯಿ ಮಾರೋ ಹೆಂಗಸು ಇವರನ್ನ ನೋಡಿ ಅಳತೆಯೇ ಕೇಳದೆ ಪೊಟ್ಟಣ ಕಟ್ಟಿಕೊಟ್ಟಳು.

"ಇವತ್ತು ಜೊತೆಗೆ ಜನ ಇದ್ದಾರಲ್ಲ ತಾತ. ನಿಮ್ ಕಂಬದ ಹತ್ರ ಯಾರನ್ನೂ ಕೂರಿಸಿಲ್ಲ, ಹೋಗಿ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ನಿಮ್ಮೋರಾ ಅಕ್ಕ? ಪಾಪ, ಎರಡು ವರ್ಷ ಆಯ್ತು. ವಾರ ವಾರ ಬರ್ತಾರೆ, ಪರದೆಗೆ ಬೆನ್ನು ಹಾಕ್ಕೊಂಡು ಕೂರ್ತಾರೆ."

ಒಳಗೆ ಹೋದೆ. ಕೆಳಗೆ ಪೂರ್ತಿ ಕೆಮ್ಮಣ್ಣು.

ಸಿನಿಮಾ ಶುರುವಾಗಿತ್ತು. ಎಲ್ಲರ ಮುಖ ಪರದೆ ಕಡೆ. ಹಿಂದೆ ಮಿಷನ್ನಿನ ಗೂಡು. ಅದರ ಮೆಟ್ಟಿಲ ಮೇಲೆ ಒಂದು ಬಲ್ಬು ಉರೀತಿತ್ತು. ಬಲ್ಬಿನ ಕೆಳಗೆ, ಮಡಿಲಲ್ಲಿ ಗಂಡನ ಊಟದ ಕ್ಯಾರಿಯರ್ ಇಟ್ಟುಕೊಂಡು ನನ್ನ ನಾದಿನಿ ಕೂತಿದ್ದಳು. ಇಬ್ಬರಿಗೂ ಒಂದೇ ಗಂಟಲಾ ಅಂತ ಕೇಳಿದವರು, ಗಡ್ಡದವನನ್ನ ದನಿಯಲ್ಲೇ ಹಿಡಿದವರು, ಸೀರೆ ಕೇಳಿದರೆ ಶೀತ ಹೇಳಿದವರು! ಎರಡು ವರ್ಷದಲ್ಲಿ ಈ ಮನುಷ್ಯ ಒಂದೇ ಒಂದು ಸಿನಿಮಾ ನೋಡಿರಲಿಲ್ಲ.

ಮಾವ ಹೋಗಿ ಅವಳ ಮುಂದೆ ನಿಂತರು. ಅವರು ತಪ್ಪಾಯ್ತು ಅನ್ನೋವರೆಗೂ ಅವಳು ಕಾಯಲಿಲ್ಲ. ಅವಳು ಎದ್ದು ಸೊಂಟದ ವಲ್ಲಿ ನೋಡಿದಳು. ಯಜಮಾನನ ಮಗಳು, ಹೇಳಿಕೊಡಬೇಕಾ? ಬಿಚ್ಚಿ, ಕೊಡವಿ, ಹೆಗಲಿಗೆ ಹಾಕಿದಳು. ನಾನು ಬೇರೆ ಕಡೆ ನೋಡ್ತಾ ಕಾಯಿ ಹಿಡಿದುಕೊಂಡು ನಿಂತೆ.

ನಿಮ್ಮಪ್ಪ ಬರೋದು ನಿನಗೆ ಗೊತ್ತಿತ್ತೇನೇ ಅಂತ ಆಮೇಲೆ ಕೇಳಿದೆ.

"ಮೊದಲ್ನೇ ವಾರದಿಂದ ಗೊತ್ತು ಅತ್ತಿಗೆ. ನಾನು ನೋಡ್ದೆ ಅಂತ ಗೊತ್ತಾದ್ರೆ ಅಪ್ಪ ಬರೋದು ಬಿಟ್ಬಿಡ್ತಾರೆ ಅಂತ ಸುಮ್ನೆ ಕೂತಿರ್ತಿದ್ದೆ. ಕತ್ತಲಲ್ಲಿ ಕಣ್ಣು ಕಿರಿದು ಮಾಡ್ಕೊಂಡು ಹುಡುಕ್ತಿದ್ರು. ಅದನ್ನ ಇವ್ರು ಗೂಡಿನ ಕಿಂಡಿಲಿ ನೋಡಿ, ಈ ಬಲ್ಬು ಹಾಕಿಸಿದ್ರು. ಶನಿವಾರ ಮಾತ್ರ ಹಚ್ಚೋದು."

ಬೆಳಕು ಕಣ್ಣಿಗೆ ಹೊಡೆಯುತ್ತೆ ಅಂತ ಜನ ಎಷ್ಟು ಬೈದರೂ ಅವನು ಅದನ್ನ ಆರಿಸುತ್ತಿರಲಿಲ್ಲವಂತೆ. ಎರಡು ವರ್ಷ ಬೈಸಿಕೊಂಡ ಆ ಅಳಿಯ ಅವತ್ತು ಗೂಡಿನಿಂದ ಕೈ ಚಾಚಿ ಸ್ವಿಚ್ಚು ಒತ್ತಿದ. ಬಲ್ಬು ಆರಿತು. ಇಡೀ ಟೆಂಟು ಸಿಳ್ಳೆ ಹಾಕಿತು.

ಕಂಬದ ಪಕ್ಕ ನಾವು ಮೂವರೂ ನೆಲದ ಮೇಲೆ ಕೂತೆವು, ಮಗಳು ಅಪ್ಪನಿಗೆ ಒರಗಿಕೊಂಡು. ಮಾವ ಮೊದಲನೇ ಸಲ ಪರದೆ ಕಡೆ ತಿರುಗಿದರು. ತಿರುಗಿದವರು ಕಡಲೆಕಾಯಿ ಸುಲಿಯೋದು ಬಿಟ್ಟು ಹಾಗೇ ಕೂತುಬಿಟ್ಟರು.

"ಇದೇನಮ್ಮ, ಇವರ ಮುಖ ಇಷ್ಟು ದೊಡ್ಡದಾ?"

"ಸುಮ್ನೆ ನೋಡಿ ಮಾವ" ಅಂದೆ. "ನಾಳೆ ನ್ಯಾಯ ಇದೆ."